ದೈತ್ಯ ಜಟ್ಟಿಗಳ ಜಾಡಿನಲ್ಲಿ: ಟೋಕಿಯೋದ ನಾಲ್ಕು ದಿನ

ಮೊದಲ ದಿನ: ಮೇ 19, ಭಾನುವಾರ

2024ರ ಏಪ್ರಿಲ್‌ನಲ್ಲಿ ಅಕೆಬೊನೊ ತೀರಿಕೊಂಡ ಸುದ್ದಿಯನ್ನು ಓದಿದ ದಿನವೇ ನಾನು ಸೋದರಳಿಯನಿಗೆ ಫೋನು ಮಾಡಿ, ಮೇ ತಿಂಗಳಲ್ಲಿ ನಿನ್ನ ಮನೆಯಲ್ಲಿ ನಾಲ್ಕು ದಿನ ಇರಬಹುದೇ ಎಂದು ಕೇಳಿದ್ದೆ. 1998ರ ನಾಗಾನೊ ಚಳಿಗಾಲದ ಒಲಿಂಪಿಕ್ಸ್‌ನ ಉದ್ಘಾಟನೆಯನ್ನು ಟಿ.ವಿ.ಯಲ್ಲಿ ನೋಡುತ್ತಿದ್ದಾಗ, ಆ ಚಳಿಯಲ್ಲಿ ಬರಿಮೈಯಲ್ಲಿ ನಿಂತು ಕಾಲನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ ಒಬ್ಬ ಭೀಮಕಾಯನ ಚಿತ್ರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಅವನೇ ಅಕೆಬೊನೊ. 203 ಸೆಂಟಿಮೀಟರ್ ಎತ್ತರ, 230 ಕಿಲೋ ಮೀರಿದ ತೂಕ, ಹವಾಯಿಯ ವೈಮನಾಲೊದಿಂದ ಬಂದು ಸೂಮೊ ಕುಸ್ತಿಯ ಅತ್ಯುನ್ನತ ಪದವಿಯಾದ ಯೊಕೊಜುನಾ ಸ್ಥಾನಕ್ಕೇರಿದ ಮೊದಲ ವಿದೇಶಿ. ಅವನು 54ನೇ ವಯಸ್ಸಿಗೇ ಹೃದಯದ ಕಾಯಿಲೆಯಿಂದ ಹೋದನೆಂಬುದನ್ನು ಓದಿದಾಗ, ಅಷ್ಟು ದೊಡ್ಡ ದೇಹವನ್ನು ಕಟ್ಟಿಕೊಂಡವರ ಕಥೆಯನ್ನು ಅವರ ನೆಲದಲ್ಲೇ ಹುಡುಕಬೇಕು ಎನಿಸಿತು.

ಅಳಿಯ ಇರುವುದು ಟೋಕಿಯೋದ ಪೂರ್ವ ಭಾಗದ ನಿಷಿ-ಕಸಾಯ್‌ನಲ್ಲಿ. ಭಾರತದಿಂದ ಹೋದ ಸಾಫ್ಟ್‌ವೇರ್ ಕೆಲಸದವರು ಹೆಚ್ಚಾಗಿ ನೆಲೆಸಿರುವ ಬಡಾವಣೆ ಅದು; ಅಂಗಡಿಯಲ್ಲಿ ತೊಗರಿಬೇಳೆಗೆ ಪರದಾಡಬೇಕಿಲ್ಲ. ನರಿಟಾ ವಿಮಾನ ನಿಲ್ದಾಣದಿಂದ ಬರುವ ದಾರಿಯಲ್ಲಿ ಅವನು ಹೇಳಿದ ಒಂದು ಸಂಗತಿ ನನ್ನ ಪ್ರವಾಸಕ್ಕೆ ಒಳ್ಳೆಯ ಪೀಠಿಕೆಯಾಯಿತು. 2023ರ ಅಕ್ಟೋಬರ್‌ನಲ್ಲಿ ದಕ್ಷಿಣದ ಅಮಾಮಿ ಓಶಿಮಾ ದ್ವೀಪದ ಪಂದ್ಯಗಳಿಗೆ ಹೊರಟಿದ್ದ ಸೂಮೊ ಜಟ್ಟಿಗಳ ತೂಕವನ್ನು ಲೆಕ್ಕ ಹಾಕಿದ ಜಪಾನ್ ಏರ್‌ಲೈನ್ಸ್, ವಿಮಾನ ಹೊರಬಲ್ಲ ತೂಕದ ಮಿತಿ ಮೀರುತ್ತದೆಂದು ಮುಂದಾಗಿಯೇ ತಿಳಿದು, 27 ಜಟ್ಟಿಗಳಿಗಾಗಿ ಹೆಚ್ಚುವರಿ ವಿಮಾನವೊಂದನ್ನು ಹಾರಿಸಿತಂತೆ. ಆ ದ್ವೀಪದ ಓಡುದಾರಿ ಚಿಕ್ಕದಾದ್ದರಿಂದ ಇನ್ನೂ ದೊಡ್ಡ ವಿಮಾನವನ್ನು ಅಲ್ಲಿ ಇಳಿಸುವಂತಿರಲಿಲ್ಲ. ಸಾಮಾನ್ಯ ಪ್ರಯಾಣಿಕನಿಗೆ 70 ಕಿಲೋ ಎಂದು ಹಿಡಿಯುವ ಲೆಕ್ಕದಲ್ಲಿ ಇವರ ಸರಾಸರಿ 120 ಕಿಲೋ ಎಂದು ಅಂದಾಜಾಗಿತ್ತು.

"ಮಾಮ, ನೀವು ಒಬ್ಬರೇ ಬಂದದ್ದು ಒಳ್ಳೆಯದಾಯಿತು" ಎಂದು ಅವನು ನನ್ನ ಹೊಟ್ಟೆಯ ಕಡೆ ನೋಡಿ ನಕ್ಕ.

ಸಂಜೆ ಸುಮ್ಮನೆ ರ‍್ಯೋಗೊಕು ನಿಲ್ದಾಣದವರೆಗೆ ಹೋಗಿ ಬಂದೆವು. ಸೂಮೊ ಕ್ರೀಡಾಂಗಣವಾದ ಕೊಕುಗಿಕಾನ್ ಇರುವುದು ಈ ನಿಲ್ದಾಣದ ಪಕ್ಕದಲ್ಲೇ. ನಿಲ್ದಾಣದ ಒಳಗೆ ಎತ್ತರದಲ್ಲಿ ತೂಗುಹಾಕಿದ ಆಳೆತ್ತರ ಮೀರಿದ ಚಿತ್ರಪಟದಲ್ಲಿ ಮುಸಾಷಿಮಾರು ನಿಂತಿದ್ದ. ಅವನೂ ಹವಾಯಿಯಲ್ಲಿ ಬೆಳೆದವನು, 67ನೇ ಯೊಕೊಜುನಾ, 12 ಪಂದ್ಯಾವಳಿಗಳ ವಿಜೇತ. ತೂಕದಲ್ಲಿ ಅಕೆಬೊನೊಗೆ ಸರಿಸಾಟಿ. ಆ ದಿನದ ಪಂದ್ಯಗಳು ಮುಗಿದು ಜನ ಚದುರುತ್ತಿದ್ದ ಹೊತ್ತು. ಹತ್ತಿ ಯುಕಾಟಾ ಉಟ್ಟು, ಮರದ ಗೆಟಾ ಮೆಟ್ಟಿಕೊಂಡ ಇಬ್ಬರು ಎಳೆಯ ಜಟ್ಟಿಗಳು ನಮ್ಮನ್ನು ದಾಟಿ ಹೋದರು. ಅವರ ಜುಟ್ಟಿಗೆ ಹಚ್ಚುವ ಬಿನ್ತ್ಸುಕೆ ಎಂಬ ಮೇಣದಂಥ ಎಣ್ಣೆಯ ಸಿಹಿ ಪರಿಮಳ ಅವರು ಹೋದ ಮೇಲೂ ಗಾಳಿಯಲ್ಲಿ ಉಳಿದಿತ್ತು. ಅಷ್ಟು ಒರಟು ಆಟದವರ ಹಿಂದೆ ಮಿಠಾಯಿ ಅಂಗಡಿಯ ವಾಸನೆ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಎರಡನೆಯ ದಿನ: ಮೇ 20, ಸೋಮವಾರ

ನಿಷಿ-ಕಸಾಯ್‌ನಿಂದ ತೋಜಾಯ್ ಮಾರ್ಗದ ರೈಲು ಹತ್ತಿದರೆ ನಾಲ್ಕನೆಯ ನಿಲ್ದಾಣವೇ ಮೊನ್ಜೆನ್-ನಾಕಾಚೋ. ಅಲ್ಲಿಂದ ಫುಕಾಗವಾ ಬಡಾವಣೆಯ ತೊಮಿಯೊಕಾ ಹಚಿಮಾನ್ ದೇವಾಲಯ ಕಾಲ್ನಡಿಗೆಯ ದೂರ. 1684ರಲ್ಲಿ ಇದೇ ಆವರಣದಲ್ಲಿ, ದೇವಾಲಯಗಳಿಗೆ ಹಣ ಕೂಡಿಸುವ ನೆಪದಲ್ಲಿ, ಸರ್ಕಾರದ ಅನುಮತಿ ಪಡೆದು ನಡೆಸಿದ ಪಂದ್ಯಗಳಿಂದಲೇ ಈಗಿನ ವೃತ್ತಿಪರ ಸೂಮೊದ ಬಳ್ಳಿ ಹಬ್ಬಿದ್ದು. ಹೀಗಾಗಿ ಇಲ್ಲಿ ದೇವರಿಗಿರುವಷ್ಟೇ ಜಾಗ ಜಟ್ಟಿಗಳ ಕಲ್ಲುಗಳಿಗೂ ಇದೆ.

ನಾನು ನೋಡಬೇಕಿದ್ದದ್ದು ದೈತ್ಯ ಜಟ್ಟಿಗಳ ಎತ್ತರದ ಕಲ್ಲುಗಳನ್ನು. ಒಬ್ಬೊಬ್ಬ ದೈತ್ಯನ ಎತ್ತರಕ್ಕೆ ತಕ್ಕಂತೆ ಕಡೆದು ನಿಲ್ಲಿಸಿದ ಕಲ್ಲುಗಳು, ಜೊತೆಗೆ ಅವರ ಅಂಗೈ ಮತ್ತು ಪಾದಗಳ ಗುರುತು ಕೊರೆದ ಕಲ್ಲುಗಳು. ಇವರಲ್ಲಿ ಎಲ್ಲರಿಗಿಂತ ಎತ್ತರದವನು ಇಕೆಜುಕಿ ಗೆಯ್ತಾಜಾಯೆಮೊನ್. ಕ್ಯೂಶೂವಿನ ಹಿರಾಡೊ ಸೀಮೆಗೆ ಸೇರಿದ ಇಕಿತ್ಸುಕಿ ಎಂಬ ಮೀನುಗಾರರ ದ್ವೀಪದಲ್ಲಿ 1827ರಲ್ಲಿ ಹುಟ್ಟಿದವನು. ಎತ್ತರ 227 ಸೆಂಟಿಮೀಟರ್‌ಗೂ ಮಿಕ್ಕಿ. ಆ ಕಾಲದ ಜಪಾನಿನ ಗಂಡಸರು ಸಾಮಾನ್ಯವಾಗಿ 155 ಸೆಂಟಿಮೀಟರ್ ಆಸುಪಾಸಿನಲ್ಲಿ ಇರುತ್ತಿದ್ದರೆಂಬುದನ್ನು ನೆನೆದರೆ, ಅವನು ಎಡೊ (ಟೋಕಿಯೋದ ಹಳೆಯ ಹೆಸರು) ನಗರದ ಬೀದಿಯಲ್ಲಿ ನಡೆದುಹೋಗುವಾಗ ಸೂರುಗಳ ಕೆಳಗಿದ್ದವರು ತಲೆ ಎತ್ತಿ ನೋಡಿದ್ದನ್ನು ಊಹಿಸಬಹುದು. ನನ್ನ ಅಳಿಯ 178 ಸೆಂಟಿಮೀಟರ್ ಇದ್ದಾನೆ. ನಮ್ಮ ಮನೆತನದಲ್ಲಿ ಅವನೇ ಎತ್ತರದವನು. ಅವನು ಕಲ್ಲಿಗೆ ಬೆನ್ನು ಕೊಟ್ಟು ನಿಂತು ಕೈ ಮೇಲೆತ್ತಿದ. ನಾನು ಕೊರೆದ ಅಂಗೈಯ ಮೇಲೆ ನನ್ನ ಅಂಗೈ ಇಟ್ಟೆ. ಮೇ ತಿಂಗಳ ಬೆಳಗಿನಲ್ಲೂ ಆ ಕಲ್ಲು ತಣ್ಣಗಿತ್ತು. ನನ್ನ ಬೆರಳ ತುದಿಗಳು ಅವನ ಬೆರಳುಗಳ ಗೆಣ್ಣಿನ ಬಳಿಯೇ ನಿಂತುಹೋದವು, ಸುತ್ತ ಖಾಲಿ ಉಳಿದ ಜಾಗದಲ್ಲಿ ಸ್ವಲ್ಪ ಪಾಚಿ ಕಟ್ಟಿತ್ತು.

ಇಷ್ಟು ದೊಡ್ಡವನು ಎಷ್ಟು ಜನರನ್ನು ಮಣ್ಣುಮುಕ್ಕಿಸಿರಬೇಡ ಎಂದು ಯಾರಾದರೂ ಕೇಳುತ್ತಾರೆ. ಉತ್ತರ ಬೇಸರ ತರಿಸುವಂಥದ್ದು. ಅಖಾಡಕ್ಕೆ ವಿಧ್ಯುಕ್ತವಾಗಿ ಪ್ರವೇಶಿಸಿ, ಕೈ ಚಾಚಿ, ಕಾಲು ಎತ್ತಿ ತುಳಿದು ಹೊರಬರುವ ಶಾಸ್ತ್ರವೇ ಅವನ ಮುಖ್ಯ ಕೆಲಸವಾಗಿತ್ತು. ಕುಸ್ತಿ ಆಡಿದ್ದು ಬೆರಳೆಣಿಕೆಯಷ್ಟು. 1850ರಲ್ಲಿ, ಇನ್ನೂ ಇಪ್ಪತ್ತಮೂರರ ಆಸುಪಾಸಿನಲ್ಲಿ ತೀರಿಕೊಂಡ. ಅವನಿಗಿಂತ ಹಿಂದೆ, 1827ರಲ್ಲಿ ಹಿಗೊ ಸೀಮೆಯಿಂದ ಎಡೊಗೆ ಬಂದ ಓಜೊರಾ ಬುಜಾಯೆಮೊನ್ ಎಂಬ 227 ಸೆಂಟಿಮೀಟರ್ ಎತ್ತರದವನಂತೂ ಬರಿಯ ಪ್ರದರ್ಶನಕ್ಕೇ ನಿಂತವನು. ವಾತಾನಾಬೆ ಕಾಜಾನ್ ಎಂಬ ಪ್ರಸಿದ್ಧ ಚಿತ್ರಕಾರ ಅವನ ಆಳೆತ್ತರದ ಚಿತ್ರ ಬರೆದ. ಅದು ಈಗ ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಕಲಾ ಸಂಗ್ರಹಾಲಯದಲ್ಲಿದೆ. ಇಜುಮೊ ಸೀಮೆಯ ಶಾಕಾಗಟಾಕೆ ಕುಮೊಎಮೊನ್ ಮಾತ್ರ ಸ್ವಲ್ಪ ಬೇರೆ. 226 ಸೆಂಟಿಮೀಟರ್ ಎತ್ತರದ ಅವನು 1770ರಲ್ಲಿ ನೇರವಾಗಿ ಓಜೆಕಿ ಎಂಬ ಹಿರಿಯ ಪದವಿಯಲ್ಲೇ ಕಾಣಿಸಿಕೊಂಡು ನಿಜವಾಗಿ ಹೋರಾಡಿದ. ಆದರೆ 1775ರಲ್ಲಿ, ಮೂವತ್ತು ತುಂಬುವ ಮೊದಲೇ ಅವನೂ ಹೋದ. ಇಂಥ ಎತ್ತರ ಬಹುಪಾಲು ರೋಗದಿಂದ ಬರುವಂಥದ್ದು ಎಂದು ಇಂದಿನ ವೈದ್ಯರು ಹೇಳುತ್ತಾರೆ. ಜನ ಚಪ್ಪಾಳೆ ತಟ್ಟಿದ್ದು ಒಂದು ಕಾಯಿಲೆಗೆ ಎಂಬ ಯೋಚನೆ ಬಂದ ಮೇಲೆ ನಾನು ಆ ಅಂಗೈಯಿಂದ ಕೈ ತೆಗೆದೆ.

ದೇವಾಲಯದ ಹಿಂಭಾಗದಲ್ಲಿ ಯೊಕೊಜುನಾಗಳ ಸ್ಮಾರಕವಿದೆ. 12ನೇ ಯೊಕೊಜುನಾ ಜಿನ್ಮಾಕು ಕ್ಯೂಗೊರೊ ಮುಂದಾಗಿ ನಿಂತು 1900ರಲ್ಲಿ ಕಟ್ಟಿಸಿದ್ದು. ಮೂರೂವರೆ ಮೀಟರ್ ಎತ್ತರ, ಇಪ್ಪತ್ತು ಟನ್ ಭಾರ. ಅಳಿಯ 64ನೇ ಹೆಸರನ್ನು ಹುಡುಕಿ ತೋರಿಸಿದ. 'ಅಕೆಬೊನೊ' ಎಂದರೆ ಅರುಣೋದಯ. ಬರೆಯುವುದಕ್ಕೆ ಒಂದೇ ಅಕ್ಷರ. ನಾನು ಅದರ ಮುಂದೆ ಸ್ವಲ್ಪ ಹೊತ್ತು ನಿಂತೆ. ಈ ಕಲ್ಲಿನಲ್ಲಿ ಯೊಕೊಜುನಾ ಅಲ್ಲದ ಒಬ್ಬನ ಹೆಸರೂ 'ಸಾಟಿಯಿಲ್ಲದ ಜಟ್ಟಿ' ಎಂಬ ವಿಶೇಷಣದೊಂದಿಗೆ ಇದೆ: ರೈಡೆನ್ ತಾಮೆಎಮೊನ್. ಅವನ ಸಮಾಧಿಗೆ ನಾಡಿದ್ದು ಹೋಗುವುದೆಂದು ಗೊತ್ತುಮಾಡಿಕೊಂಡೆವು.

ಮಧ್ಯಾಹ್ನ ರ‍್ಯೋಗೊಕುಗೆ ಹೋಗಿ ಸೂಮೊ ಸಂಗ್ರಹಾಲಯ ನೋಡುವ ನನ್ನ ಯೋಜನೆ ಕೈಕೊಟ್ಟಿತು. ಪಂದ್ಯಾವಳಿಯ ಹದಿನೈದು ದಿನ ಅದು ಟಿಕೆಟ್ ಇದ್ದವರಿಗೆ ಮಾತ್ರ ತೆರೆದಿರುತ್ತದೆಂಬುದನ್ನು ನಾನು ತಿಳಿದುಕೊಂಡಿರಲಿಲ್ಲ. ತಪ್ಪು ನನ್ನದೇ. ಹತ್ತಿರದ ಎಕೊಯಿನ್ ದೇಗುಲಕ್ಕೆ ಹೋಗಿ, ತೀರಿಕೊಂಡ ಜಟ್ಟಿಗಳ ನೆನಪಿನ 'ಬಲದ ದಿಬ್ಬ' ನೋಡಿ, ಮನೆಗೆ ಮರಳಿದೆವು.

ಮೂರನೆಯ ದಿನ: ಮೇ 21, ಮಂಗಳವಾರ

ಬೆಳಗ್ಗೆ ಏಳಕ್ಕೆ ಸುಮಿದಾ ನದಿಯ ಈಚೆ ದಡದ ಹಮಾಚೋ ಬಡಾವಣೆಯಲ್ಲಿ ಒಂದು ಹೇಯ ಮುಂದೆ ನಿಂತಿದ್ದೆವು. 'ಹೇಯ' ಎಂದರೆ ಕೋಣೆ. ನಮ್ಮ ಮಾತಿನಲ್ಲಿ ಗರಡಿಮನೆ ಎನ್ನಬಹುದು. ಆದರೆ ಇಲ್ಲಿ ಜಟ್ಟಿಗಳು ಅಭ್ಯಾಸ ಮುಗಿಸಿ ಮನೆಗೆ ಹೋಗುವುದಿಲ್ಲ. ಉಣ್ಣುವುದು, ಮಲಗುವುದು, ಹಿರಿಯರ ಬೆನ್ನುಜ್ಜುವುದು ಎಲ್ಲವೂ ಒಂದೇ ಸೂರಿನಡಿ. ಬೀದಿ ಬದಿಯ ದೊಡ್ಡ ಗಾಜಿನ ಕಿಟಕಿಯ ಮೂಲಕ ಯಾರು ಬೇಕಾದರೂ ಒಳಗಿನ ಅಭ್ಯಾಸ ನೋಡಬಹುದು. ಪಂದ್ಯಾವಳಿಯ ನಡುವೆ ಅಭ್ಯಾಸ ಹಗುರವಾಗಿರುತ್ತದೆಂದು ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ಹೇಳಿದರು. ಹಗುರ ಎಂದರೆ ಏನೆಂದು ನೋಡಿದೆ: ಕಾಲು ಎತ್ತಿ ತುಳಿಯುವ 'ಶಿಕೊ' ನೂರಾರು ಸಲ, ಕಂಬಕ್ಕೆ ಅಂಗೈಯಿಂದ ಹೊಡೆಯುವ 'ತೆಪ್ಪೊ', ತೊಡೆಗಳನ್ನು ಪೂರ್ತಿ ಅಗಲಿಸಿ ಎದೆಯನ್ನು ನೆಲಕ್ಕೆ ಮುಟ್ಟಿಸುವ 'ಮಾತಾವಾರಿ'. ನೂರೈವತ್ತು ಕಿಲೋದ ಹುಡುಗ ಎದೆಯನ್ನು ಮಣ್ಣಿಗೆ ತಾಗಿಸಿದ್ದನ್ನು ಕಂಡ ಮೇಲೆ, ಕೊಬ್ಬು ಎಂದರೆ ಜಡತೆ ಎಂಬ ನನ್ನ ಹಳೆಯ ಎಣಿಕೆ ಅಲ್ಲೇ ಸಡಿಲವಾಯಿತು.

ದೇಹ ಬೆಳೆಸುವ ಲೆಕ್ಕ ಸರಳ. ಬೆಳಗ್ಗೆ ಬರಿಹೊಟ್ಟೆಯಲ್ಲಿ ಅಭ್ಯಾಸ. ಹತ್ತು-ಹನ್ನೊಂದರ ಮೇಲೆ ಚಾಂಕೊ ಎಂಬ ಕೋಳಿ, ಮೀನು, ತೋಫು, ತರಕಾರಿಗಳ ದೊಡ್ಡ ಪಾತ್ರೆಯ ಅಡುಗೆ, ಜೊತೆಗೆ ಬಟ್ಟಲುಗಟ್ಟಲೆ ಅನ್ನ. ಉಂಡ ತಕ್ಷಣ ನಿದ್ದೆ. ಚಾಂಕೊಗೆ ಕೋಳಿಯೇ ಶುಭ. ಅದು ಎರಡು ಕಾಲ ಮೇಲೆ ನಿಲ್ಲುತ್ತದೆ. ನಾಲ್ಕು ಕಾಲಿನ ಪ್ರಾಣಿ ಎಂದರೆ ಕೈ ಊರಿ ಸೋತವನ ಸಂಕೇತ. ಸೂಮೊದಲ್ಲಿ ಪಾದ ಬಿಟ್ಟು ದೇಹದ ಬೇರಾವ ಭಾಗ ನೆಲಕ್ಕೆ ತಾಗಿದರೂ, ಇಲ್ಲವೇ ವೃತ್ತದಿಂದ ಕಾಲು ಹೊರಗಿಟ್ಟರೂ ಸೋಲು. ತೂಕದ ವರ್ಗಗಳೇ ಇಲ್ಲ. ನೂರು ಕಿಲೋದವನ ಎದುರು ಇನ್ನೂರು ಕಿಲೋದವನು ನಿಂತರೂ ಯಾರೂ ಆಕ್ಷೇಪ ಎತ್ತುವಂತಿಲ್ಲ. ಹಾಗಿರುವಾಗ ತೂಕ ಹೆಚ್ಚಿಸಿಕೊಳ್ಳುವುದೇ ಜಾಣತನ ಎಂದು ಹಲವರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಸೇತುವೆ ದಾಟಿ ಕೊಕುಗಿಕಾನ್ ಸೇರಿದೆವು. 1985ರಲ್ಲಿ ತೆರೆದ ಈ ಕಟ್ಟಡದಲ್ಲಿ ಹನ್ನೊಂದು ಸಾವಿರ ಜನ ಕೂರಬಹುದು. ಅಷ್ಟು ಹೊತ್ತಿಗೆ ಇದ್ದವರು ಇನ್ನೂರೂ ಇರಲಿಲ್ಲ. ದಿನದ ಪಂದ್ಯಗಳು ಎಂಟೂವರೆಯ ಸುಮಾರಿಗೇ ಕೆಳಗಿನ ದರ್ಜೆಗಳಿಂದ ಶುರುವಾಗುತ್ತವೆ. ಹೆಸರಾಂತರನ್ನು ನೋಡಲು ಬರುವವರು ಮಧ್ಯಾಹ್ನದ ಮೇಲೆ ಬರುತ್ತಾರೆ. ಈ ಖಾಲಿ ಹೊತ್ತೇ ನನಗೆ ಬೇಕಾಗಿತ್ತು, ಏಕೆಂದರೆ ದಾಖಲೆಯ ಪ್ರಕಾರ ಸೂಮೊ ಚರಿತ್ರೆಯ ಅತ್ಯಂತ ಭಾರದ ಮನುಷ್ಯ ತನ್ನ ಇಡೀ ಜೀವನ ಹೋರಾಡಿದ್ದು ಹೀಗೆ ಖಾಲಿ ಕುರ್ಚಿಗಳ ಎದುರೇ.

ಅವನ ಹೆಸರು ಒರೋರಾ. ರಷ್ಯಾದ ಬುರ್ಯಾಟಿಯಾ ಪ್ರಾಂತದ ಹುಡುಗ, 2000ದಲ್ಲಿ ಜಪಾನಿಗೆ ಬಂದವನು. ಅವನ ತೂಕ 292.6 ಕಿಲೋವರೆಗೂ ದಾಖಲಾಯಿತು; ಅವನಿಗಿಂತ ಮೊದಲು ಕೊನಿಷಿಕಿ ಎಂಬ ಹಿಂದಿನ ಜಟ್ಟಿಯ 285 ಕಿಲೋ ಮೀರಿದವರಿರಲಿಲ್ಲ. ಆದರೆ ಹದಿನೆಂಟು ವರ್ಷಗಳ ವೃತ್ತಿಯಲ್ಲಿ ಅವನು ಮುಟ್ಟಿದ ಎತ್ತರದ ಸ್ಥಾನ ಮೂರನೆಯ ದರ್ಜೆಯಾದ ಮಾಕುಶಿತಾದ 43ನೇ ಮೆಟ್ಟಿಲು. ಸೂಮೊದಲ್ಲಿ ಆರು ದರ್ಜೆಗಳು. ಮೇಲಿನ ಎರಡರಲ್ಲಿರುವ 70 ಮಂದಿಗೆ ಮಾತ್ರ ಸಂಬಳ, ಮವಾಷಿ ಎಂಬ ಸೊಂಟಪಟ್ಟಿ ಬಣ್ಣದ ರೇಷ್ಮೆಯದು, ಸೇವೆಗೆ ಆಳು. ಉಳಿದ ನೂರಾರು ಜನರಿಗೆ ಕಪ್ಪು ಹತ್ತಿಯ ಮವಾಷಿ, ಕೈಖರ್ಚಿನ ಭತ್ಯೆ ಮತ್ತು ಚಾಕರಿ. 2018ರಲ್ಲಿ ನಿವೃತ್ತನಾಗುವವರೆಗೂ ಒರೋರಾ ಆ ಗೆರೆಯನ್ನು ದಾಟಲಿಲ್ಲ.

ಇದು ನನಗೆ ಪೂರ್ತಿ ಅರ್ಥವಾದದ್ದು ಸುಮಾರು ಹತ್ತೂವರೆಗೆ ಅಖಾಡ ಏರಿದ ಒಬ್ಬನನ್ನು ನೋಡಿದಾಗ. ಯಾರೆಂದು ಬರೆಯುವುದಿಲ್ಲ, ತೂಕ ಇನ್ನೂರು ಕಿಲೋ ಹತ್ತಿರವಿದ್ದೀತು. ಅಖಾಡವಾದ ದೊಹ್ಯೋ ಎಂದರೆ ಜೇಡಿಮಣ್ಣನ್ನು ಬಡಿದು ಕಟ್ಟಿದ ಜಗಲಿ. ಅದರ ನಡುವೆ ಭತ್ತದ ಹುಲ್ಲಿನ ಸುರುಳಿಗಳಿಂದ ಗುರುತಿಸಿದ 4.55 ಮೀಟರ್ ವ್ಯಾಸದ ವೃತ್ತ. ಮಣ್ಣಿನಲ್ಲೇ ಕಡೆದ ಮೆಟ್ಟಿಲಿನ ಮೇಲೆ ಅವನು ಎಡಗಾಲಿಟ್ಟು, ಎರಡೂ ಕೈಗಳನ್ನು ತೊಡೆಯ ಮೇಲೆ ಊರಿ, ಒಂದು ಕ್ಷಣ ತಡೆದು ಮೇಲೆದ್ದ. ಎರಡೂ ಮೊಣಕಾಲಿಗೆ ಬಿಳಿಯ ಪಟ್ಟಿ ಬಿಗಿದಿತ್ತು. ಮೇಲೇರಿದ ಹೊತ್ತಿಗೇ ಬೆನ್ನು ಬೆವರಿನಿಂದ ಹೊಳೆಯುತ್ತಿದ್ದದ್ದು ದುರ್ಬೀನಿನಲ್ಲಿ ಕಾಣುತ್ತಿತ್ತು. ಎದುರಾಳಿ ಅವನ ಅರ್ಧದಷ್ಟಿದ್ದ. ಕೈಗಳು ಮಣ್ಣಿಗೆ ತಾಗಿದ ಕೂಡಲೇ ದೊಡ್ಡವನು ಮುನ್ನುಗ್ಗಿದ. ಚಿಕ್ಕವನು ಪಕ್ಕಕ್ಕೆ ಸರಿದು, ಅವನ ಕಂಕುಳಿನ ಕೆಳಗೆ ಕೈಹಾಕಿ ಎಳೆದುಬಿಟ್ಟ. ದೊಡ್ಡವನ ಸ್ವಂತ ಭಾರವೇ ಅವನನ್ನು ಕೆಡವಿತು. ಬಿದ್ದ ಸದ್ದು ಖಾಲಿ ಸಭಾಂಗಣದ ಮೇಲಂತಸ್ತಿನವರೆಗೂ ಕೇಳಿಸಿತು. ಎದ್ದು, ಎದೆಗೆ ಮೆತ್ತಿದ ಮಣ್ಣನ್ನು ಒರೆಸಿಕೊಳ್ಳದೆ, ವೃತ್ತದ ಆಚೆ ನಿಂತು ತಲೆಬಾಗಿ, ಮತ್ತೆ ತೊಡೆಗೆ ಕೈಯೂರಿಕೊಂಡೇ ಮೆಟ್ಟಿಲಿಳಿದ. ಎಲ್ಲವೂ ಐದು ಸೆಕೆಂಡು.

ಅಳಿಯ ಪಟ್ಟಿಯಲ್ಲಿ ಅವನ ಹೆಸರನ್ನು ಗುರುತು ಹಾಕಿಕೊಂಡ. ಕೆಳಗಿನ ದರ್ಜೆಯವರಿಗೆ ಹದಿನೈದು ದಿನದಲ್ಲಿ ಏಳೇ ಕುಸ್ತಿ. ನಾಲ್ಕು ಗೆದ್ದರೆ ಮೇಲೆ, ನಾಲ್ಕು ಸೋತರೆ ಕೆಳಗೆ.

ನಡುವೆ ಸಂಗ್ರಹಾಲಯವನ್ನೂ ನೋಡಿದೆವು. ಒಂದೇ ಕೋಣೆಯಷ್ಟಿದೆ, ಯೊಕೊಜುನಾಗಳ ಚಿತ್ರಗಳ ಸಾಲಿನಲ್ಲಿ ನಾನು ಸಹಜವಾಗಿಯೇ ಹುಡುಕಿದ್ದು ಅಲ್ಲಿ ಇಲ್ಲದವನನ್ನು. ಸೂಮೊದ ದೊಡ್ಡ ದೇಹಗಳ ಮಾತು ಬಂದಾಗ ಜಪಾನಿನಲ್ಲಿ ಎಲ್ಲರೂ ಮೊದಲು ಹೇಳುವ ಹೆಸರು ಕೊನಿಷಿಕಿ. ಸಮೋವ ಮೂಲದ ಹವಾಯಿಯ ಹುಡುಗ, 1982ರಲ್ಲಿ ತಾಕಾಸಾಗೊ ಹೇಯ ಸೇರಿದ. ಮೇಲಿನ ದರ್ಜೆಗೆ ಬಂದ ಎರಡನೆಯ ಪಂದ್ಯಾವಳಿಯಲ್ಲೇ, 1984ರ ಸೆಪ್ಟೆಂಬರ್‌ನಲ್ಲಿ, ಇಬ್ಬರು ಯೊಕೊಜುನಾಗಳನ್ನು ಹೊರದಬ್ಬಿದ. ಹತ್ತೊಂಬತ್ತನೇ ಶತಮಾನದಲ್ಲಿ ಜಪಾನಿನ ಬಾಗಿಲು ಬಡಿದ ಅಮೆರಿಕದ 'ಕಪ್ಪು ಹಡಗು'ಗಳಿಗೆ ಅವನನ್ನು ಹೋಲಿಸಿ ಜನ ಬೆಚ್ಚಿದರು. 1987ರಲ್ಲಿ ಓಜೆಕಿಯಾದ ಮೊದಲ ವಿದೇಶಿ ಅವನೇ. ಮೂರು ಪಂದ್ಯಾವಳಿ ಗೆದ್ದ: 1989ರ ನವೆಂಬರ್, 1991ರ ನವೆಂಬರ್, 1992ರ ಮಾರ್ಚ್. ಕೊನೆಯ ಎರಡು ಗೆಲುವುಗಳ ನಡುವಿನ ಜನವರಿಯಲ್ಲಿ 12–3. ಇಷ್ಟಾದರೂ ಯೊಕೊಜುನಾ ಪದವಿ ಬರಲಿಲ್ಲ. ಸತತ ಎರಡು ಪ್ರಶಸ್ತಿ ಬೇಕೆಂಬ ನಿಯಮವನ್ನು ಮುಂದಿಟ್ಟರು. ಆದರೆ ಅದರ ಬೆನ್ನಿಗೇ 'ಹಿಂಕಾಕು', ಅಂದರೆ ಘನತೆ ಎಂಬ ಮಾತೂ ಕೇಳಿಬಂತು, ವಿದೇಶಿಯಲ್ಲಿ ಅದು ಇರಬಲ್ಲುದೇ ಎಂಬ ಚರ್ಚೆಯೂ ನಡೆಯಿತು. ಹತ್ತು ತಿಂಗಳ ಬಳಿಕ, 1993ರ ಜನವರಿಯಲ್ಲಿ, ಸತತ ಎರಡನ್ನೂ ಗೆದ್ದ ಅಕೆಬೊನೊ ಆ ಪದವಿಗೇರಿದಾಗ ಘನತೆಯ ಪ್ರಶ್ನೆ ಅಷ್ಟು ಕಾಡಿದಂತೆ ಕಾಣಲಿಲ್ಲ. ಕೊನಿಷಿಕಿ ಬಾಗಿಲನ್ನು ನೂಕಿ ಸಡಿಲ ಮಾಡಿದ, ಅಕೆಬೊನೊ ಒಳಗೆ ಹೋದ ಎಂದೇ ನಾನು ಓದಿಕೊಂಡಿದ್ದೇನೆ.

ತೂಕ ಏರಿದಷ್ಟೂ ಕೊನಿಷಿಕಿಯ ಮೊಣಕಾಲುಗಳು ಸೋತವು. ಅವನು ಓಜೆಕಿ ಸ್ಥಾನವನ್ನು ಕಳೆದುಕೊಂಡು ಇನ್ನಷ್ಟು ವರ್ಷ ಆಡಿ 1997ರಲ್ಲಿ ನಿವೃತ್ತನಾದ. 2008ರಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದೇಹವನ್ನು ಬಹಳಷ್ಟು ಇಳಿಸಿದ. ಬಹುಶಃ ಅದರಿಂದಲೇ ಇಂದಿಗೂ ಹಾಡಿಕೊಂಡು ಇದ್ದಾನೆ. ಜಪಾನಿನಲ್ಲೇ ಹುಟ್ಟಿದವರಲ್ಲಿ ಅತಿ ಭಾರದವನಾದ ಯಾಮಾಮೊಟೊಯಾಮಾ 265 ಕಿಲೋ ಮುಟ್ಟಿ, 2009ರಲ್ಲಿ ಮೇಲಿನ ದರ್ಜೆಗೂ ಏರಿದ್ದ. 2011ರ ಕುಸ್ತಿ ಮೋಸದಾಟದ ಹಗರಣದಲ್ಲಿ ಹೊರಹೋಗಬೇಕಾಯಿತು.

ನಾಲ್ಕು ಗಂಟೆಗೆ ಸಭಾಂಗಣ ತುಂಬಿತು. ನೆಲಮಾಳಿಗೆಯಲ್ಲೇ ಸುಡುವ ಯಾಕಿಟೋರಿ ಕೋಳಿ ತುಂಡುಗಳ ಪೊಟ್ಟಣಗಳು ಚೌಕ ಚೌಕದ ಆಸನಗಳಿಗೆ ಹೋಗುತ್ತಿದ್ದವು. ಮೇಲಿನ ದರ್ಜೆಯ 42 ಜಟ್ಟಿಗಳ ಸರಾಸರಿ ತೂಕ ಈಗ ಸುಮಾರು 160 ಕಿಲೋ. ಆದರೆ ಜನ ಹುಚ್ಚೆದ್ದು ಕೂಗಿದ್ದು ಅವರಲ್ಲಿ ಅತಿ ಕುಳ್ಳನಾದ, 171 ಸೆಂಟಿಮೀಟರ್ ಎತ್ತರದ ಮಿಡೊರಿಫುಜಿ ಮೇಲೇರಿದಾಗ. ನನ್ನ ಪಕ್ಕದ ಹಿರಿಯರು ಅಳಿಯನ ಮೂಲಕ ಮೈನೊಉಮಿಯ ಕಥೆ ಹೇಳಿದರು: ಎತ್ತರದ ಪರೀಕ್ಷೆಯಲ್ಲಿ ತೇರ್ಗಡೆಯಾಗಲು ನೆತ್ತಿಯ ಚರ್ಮದ ಕೆಳಗೆ ಸಿಲಿಕೋನ್ ತುಂಬಿಸಿಕೊಂಡವನು, 1991ರಲ್ಲಿ ಎರಡು ಮೀಟರ್ ಮೀರಿದ ಅಕೆಬೊನೊನ ಕಾಲಿಗೆ ತೊಡರಿಕೊಂಡು ಅವನನ್ನು ಕೆಡವಿದವನು. ಅದೇ ಮೈನೊಉಮಿಯ ಕಾಲ ಮೇಲೆ 1996ರಲ್ಲಿ ಕೊನಿಷಿಕಿ ಬಿದ್ದು ಮೊಣಕಾಲು ಮುರಿದಂತಾಯಿತು ಎಂಬುದನ್ನು ಹೇಳುವಾಗ ಅವರು ತಮ್ಮ ಮೊಣಕಾಲನ್ನೇ ಹಿಡಿದುಕೊಂಡರು.

ನಾಲ್ಕನೆಯ ದಿನ: ಮೇ 22, ಬುಧವಾರ

ಅಕಾಸಾಕಾದ ಕಚೇರಿ ಕಟ್ಟಡಗಳ ಹಿಂದಿನ ಸಂಬುನ್‌ಜಾಕಾ ಎಂಬ ಕಡಿದಾದ ಇಳಿಜಾರಿನಲ್ಲಿ, ಮಣ್ಣಿನ ಹಳೆಯ ಗೋಡೆಯ ಒಳಗೆ ಹೋದೋಜಿ ದೇಗುಲವಿದೆ. ರೈಡೆನ್ ತಾಮೆಎಮೊನ್‌ನ ಸಮಾಧಿ ಇಲ್ಲಿದೆ. 1767ರಲ್ಲಿ ಶಿನಾನೊ ಸೀಮೆಯ ರೈತನ ಮನೆಯಲ್ಲಿ ಹುಟ್ಟಿದವನು. 197 ಸೆಂಟಿಮೀಟರ್, 169 ಕಿಲೋ. ನಿನ್ನೆ ಕಂಡವರ ನಡುವೆ ಅವನನ್ನು ನಿಲ್ಲಿಸಿದರೆ ತೂಕದಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ತನ್ನ ಕಾಲದಲ್ಲಿ ಮಾತ್ರ ಅವನು ದೈತ್ಯ, ಅದೂ ಆಡಬಲ್ಲ ದೈತ್ಯ: 1790ರಿಂದ 1811ರವರೆಗಿನ ಇಪ್ಪತ್ತೊಂದು ವರ್ಷಗಳಲ್ಲಿ 254 ಗೆಲುವು, ಬರೀ 10 ಸೋಲು. ಅವನ ಕೆಲವು ಹೊಡೆತಗಳನ್ನೇ ನಿಷೇಧಿಸಿದ್ದರೆಂಬ ಐತಿಹ್ಯವೂ ಇದೆ. ಅವನೇಕೆ ಯೊಕೊಜುನಾ ಆಗಲಿಲ್ಲ ಎಂಬುದಕ್ಕೆ ಜನ ಹತ್ತು ಕಾರಣ ಹೇಳುತ್ತಾರೆ. ಯಾವುದೂ ನನಗೆ ಒಪ್ಪಿಗೆಯಾಗಲಿಲ್ಲ. ನಿವೃತ್ತಿಯ ಮೇಲೆ 1814ರಲ್ಲಿ ಈ ದೇಗುಲಕ್ಕೆ ಅವನು ಮಾಡಿಸಿಕೊಟ್ಟ ಗಂಟೆಯ ವಿಚಿತ್ರ ಅಲಂಕಾರ ಸರ್ಕಾರದ ಕಣ್ಣು ಕುಕ್ಕಿ, ಅವನು ಎಡೊ ಬಿಡಬೇಕಾಗಿ ಬಂತು.

ನನಗೆ ಹಿಡಿಸಿದ್ದು ಬೇರೊಂದು ಸಂಗತಿ. ಅಕ್ಷರ ಬಲ್ಲ ಜಟ್ಟಿಗಳೇ ಅಪರೂಪವಾಗಿದ್ದ ಕಾಲದಲ್ಲಿ ರೈಡೆನ್ ತಾನು ಕುಸ್ತಿಗಾಗಿ ಸುತ್ತಿದ ಊರುಗಳ ಬಗ್ಗೆ ಟಿಪ್ಪಣಿ ಪುಸ್ತಕ ಇಟ್ಟುಕೊಂಡಿದ್ದ. 1804ರಲ್ಲಿ ಭೂಕಂಪದಿಂದ ಹಾಳಾದ ಕಿಸಾಕಾಟಾ ಊರಿನ ಸ್ಥಿತಿಯನ್ನೂ ಅದರಲ್ಲಿ ಬರೆದಿಟ್ಟಿದ್ದಾನೆ. ಅಂಥ ಕೈಯಲ್ಲಿ ಕುಂಚ ಹಿಡಿದು, ದೀಪದ ಬೆಳಕಿನಲ್ಲಿ ಬಾಗಿ ಕೂತವನನ್ನು ನೆನೆಸಿಕೊಳ್ಳುತ್ತ ಇಳಿಜಾರು ಇಳಿದೆವು. ಆ ರಾತ್ರಿಯೇ ನನ್ನ ವಿಮಾನ.

ಭಾನುವಾರ ಬೆಂಗಳೂರಿನಲ್ಲಿದ್ದಾಗ ಅಳಿಯನ ಸಂದೇಶ ಬಂತು. ಪಂದ್ಯಾವಳಿಯನ್ನು ಒನೊಸಾಟೊ ಗೆದ್ದಿದ್ದ: 12–3, ವೃತ್ತಿಗೆ ಬಂದ ಏಳನೆಯ ಪಂದ್ಯಾವಳಿಯಲ್ಲೇ, ಅಷ್ಟು ಬೇಗ ಗೆದ್ದವರು ಹಿಂದೆ ಯಾರೂ ಇರಲಿಲ್ಲ. 192 ಸೆಂಟಿಮೀಟರ್, 180 ಕಿಲೋ ಮೀರಿದ ದೇಹ. ಆದರೂ ಬೆಕ್ಕಿನಂತೆ ಹೆಜ್ಜೆ ಬದಲಿಸುತ್ತಾನೆ. ಅದರ ಕೆಳಗೆ ಇನ್ನೊಂದು ಸಾಲು: "ಮಾಮ, ನಮ್ಮ ಆ ದೊಡ್ಡ ಹುಡುಗ ಮೂರು ಗೆದ್ದ, ನಾಲ್ಕು ಸೋತ. ಜುಲೈಗೆ ನಗೋಯಾ."